ಪತ್ರಿಕೆಯ ಮೇಜು ದಾಟಿದರೆ: ಊರಿನ ಗ್ರಂಥಾಲಯವನ್ನು ಬಳಸುವ ಬಗೆ

ಮನೆ ಕಂದಾಯದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಜೊತೆಗೆ ಸೆಸ್ ಎಂದು ಸೇರುವ ಹಣದಲ್ಲಿ ಗ್ರಂಥಾಲಯಕ್ಕೂ ಒಂದು ಪಾಲಿದೆ. ಅದು ರೂಪಾಯಿಗೆ ಆರು ಪೈಸೆ. ವರ್ಷಕ್ಕೆ 5,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವವರು ಅದರ ಮೇಲೆ 300 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕಟ್ಟಿರುತ್ತಾರೆ. ಬಾಡಿಗೆ ಮನೆಯಲ್ಲಿರುವವರ ಪಾಲು ಬಾಡಿಗೆಯೊಳಗೇ ಸೇರಿ ಹೋಗಿರುತ್ತದೆ.

ಹೀಗೆ ಹಣ ಕೊಟ್ಟವರಲ್ಲಿ ಬಹಳ ಜನ ಗ್ರಂಥಾಲಯದ ಹೊಸ್ತಿಲು ತುಳಿಯುವುದಿಲ್ಲ. ತುಳಿದವರಲ್ಲೂ ಎಷ್ಟೋ ಮಂದಿ ಬಾಗಿಲ ಬಳಿಯ ಪತ್ರಿಕೆಯ ಮೇಜಿನವರೆಗೆ ಹೋಗಿ, ಎರಡು ಪತ್ರಿಕೆ ತಿರುವಿ, ಎದ್ದು ಬರುತ್ತಾರೆ. ಒಳಗಿನ ಕಪಾಟು, ಎರವಲು ಕೌಂಟರು, ಪರಾಮರ್ಶನ ವಿಭಾಗ ಎಲ್ಲ ಬೇರೆ ಯಾರಿಗೋ ಮೀಸಲು ಎನ್ನುವ ಸಂಕೋಚ. ಕೌಂಟರಿನ ಆಚೆ ಕೂತವರನ್ನು ನೋಡಿದರೆ ಇದೂ ಒಂದು ಸರ್ಕಾರಿ ಕಚೇರಿ, ಕೆಲಸವಿಲ್ಲದೆ ಏನನ್ನೂ ಕೇಳಬಾರದು ಅನಿಸುತ್ತದೆ. ಆ ಮೇಜನ್ನು ದಾಟಿ ಒಳಗೆ ಹೋದರೆ ಏನಿದೆ, ಅಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆ, ಅದರಿಂದ ನಮಗೆ ಬೇಕಾದ್ದನ್ನು ಪಡೆಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ವ್ಯವಸ್ಥೆ ಗೊತ್ತಾದರೆ ಸಂಕೋಚ ಮುಕ್ಕಾಲು ಭಾಗ ಹೋಗುತ್ತದೆ.

ಯಾರ ಗ್ರಂಥಾಲಯ, ಯಾವ ಗ್ರಂಥಾಲಯ

ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು 1965ರ ಗ್ರಂಥಾಲಯ ಕಾಯ್ದೆಯ ಮೇಲೆ ನಿಂತಿವೆ. 1966ರ ನವೆಂಬರ್ 1ರಂದು ಇದಕ್ಕಾಗಿಯೇ ಸಾರ್ವಜನಿಕ ಗ್ರಂಥಾಲಯ ಇಲಾಖೆ ಶುರುವಾಯಿತು. ಅದಕ್ಕೂ ಮುಂಚೆ, 1948ರಲ್ಲೇ, ಎಸ್.ಆರ್. ರಂಗನಾಥನ್ ಅವರ ಪ್ರಯತ್ನದಿಂದ ಮದ್ರಾಸಿನಲ್ಲಿ ಇಂಥ ಕಾಯ್ದೆ ಬಂದಿತ್ತು. ಆಗ ಮಂಗಳೂರು, ಉಡುಪಿಯ ಸೀಮೆ ಮದ್ರಾಸಿಗೆ ಸೇರಿದ್ದರಿಂದ ಗ್ರಂಥಾಲಯಕ್ಕೆ ಕಾನೂನಿನ ಆಸರೆ ಸಿಕ್ಕಿದ್ದರಲ್ಲಿ ಕರಾವಳಿಯ ಕನ್ನಡಿಗರು ಮೈಸೂರಿನವರಿಗಿಂತ ಮುಂದಿದ್ದರು. ರಂಗನಾಥನ್ ಹುಟ್ಟಿದ್ದು ತಮಿಳುನಾಡಿನಲ್ಲಾದರೂ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಆಗಸ್ಟ್ 12 ದೇಶಕ್ಕೆಲ್ಲ ಗ್ರಂಥಪಾಲಕರ ದಿನ.

ಕಾಯ್ದೆಯ ಪ್ರಕಾರ ಮೇಲ್ತುದಿಯಲ್ಲಿರುವುದು ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ. ಅದರ ಕೆಳಗೆ ದೊಡ್ಡ ಊರುಗಳಿಗೆ ನಗರ ಕೇಂದ್ರ ಗ್ರಂಥಾಲಯ, ಜಿಲ್ಲೆಗಳಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯ. ಇವುಗಳ ಕೈಕೆಳಗೆ ಬಡಾವಣೆಗಳ, ತಾಲ್ಲೂಕುಗಳ ಶಾಖಾ ಗ್ರಂಥಾಲಯಗಳು. ಹಳ್ಳಿಗಳ ಗ್ರಂಥಾಲಯಗಳೂ ಮೊದಲು ಇದೇ ಇಲಾಖೆಯಲ್ಲಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು.

ಓದಲು ಬಂದವರಿಗೆ ಇದೆಲ್ಲ ಯಾಕೆ ಬೇಕು? ಬೇಕಾಗುತ್ತದೆ. ಮೈಸೂರಿನ ಶಾಖೆಯೊಂದರಲ್ಲಿ ಮಾಡಿಸಿದ ಕಾರ್ಡನ್ನು ಹುಬ್ಬಳ್ಳಿಯಲ್ಲಿ ತೋರಿಸಿದರೆ ಪುಸ್ತಕ ಸಿಗುವುದಿಲ್ಲ, ಯಾಕೆಂದರೆ ನೀವಿಟ್ಟ ಠೇವಣಿ ಇರುವುದು ಮೈಸೂರಿನ ಲೆಕ್ಕದಲ್ಲಿ. ವಾರ್ಡಿನ ಶಾಖೆಯಲ್ಲಿ ಫ್ಯಾನು ಕೆಟ್ಟಿದ್ದರೆ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ ಅರ್ಜಿ ಕೊಡಬೇಕು. ಹಳ್ಳಿಯ ಗ್ರಂಥಾಲಯ ಬಾಗಿಲು ತೆರೆಯದಿದ್ದರೆ ಪಂಚಾಯಿತಿಯ ಪಿಡಿಒ ಅವರನ್ನು ಕೇಳಬೇಕು. ತಪ್ಪು ಮೇಜಿಗೆ ಹೋದ ಅರ್ಜಿ ಅಲ್ಲೇ ಧೂಳು ತಿನ್ನುತ್ತದೆ.

ಮೊದಲ ಸಲ ಹೋಗುವವರಿಗೆ

ಸೋಮವಾರ ಹೋಗಬೇಡಿ. ಇಲಾಖೆಯ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಅಂದು ವಾರದ ರಜೆ. ಹಲವೆಡೆ ತಿಂಗಳ ಎರಡನೇ ಮಂಗಳವಾರವೂ ಮುಚ್ಚಿರುತ್ತದೆ. ಭಾನುವಾರ ತೆರೆದಿರಲಿ, ದುಡಿಯುವವರು ಬರಲಿ ಎಂದೇ ಈ ಏರ್ಪಾಡು. ಇದನ್ನು ಮಾಡಿದವರು ಓದುಗರ ಬದುಕನ್ನು ಬಲ್ಲವರು. ಚಿಕ್ಕ ಶಾಖೆಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದು ನಡುವೆ ಮುಚ್ಚುವುದುಂಟು. ಮಧ್ಯಾಹ್ನ ಬಿಸಿಲಲ್ಲಿ ಹೋಗಿ ಬೀಗ ನೋಡಿ ಬೇಸರದಿಂದ ಮರಳುವ ಬದಲು, ಬಾಗಿಲ ಪಕ್ಕದ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ.

ಒಳಗೆ ಕಾಲಿಟ್ಟೊಡನೆ ಒಂದು ರಿಜಿಸ್ಟರ್ ಇರುತ್ತದೆ. ಹೆಸರು, ಊರು, ಬಂದ ಹೊತ್ತು, ಸಹಿ. ಇದನ್ನು ಬರೆಯದೆ ಹೋಗಿ ಕೂರುವವರು ಬಹಳ. ದಯವಿಟ್ಟು ಬರೆಯಿರಿ. ದಿನಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕ ಹುಟ್ಟುವುದು ಆ ಪುಸ್ತಕದಿಂದ. ಶಾಖೆಗೆ ಇನ್ನೊಂದು ಪತ್ರಿಕೆ ಬೇಕು, ಇನ್ನಷ್ಟು ಕುರ್ಚಿ ಬೇಕು ಎಂದು ಗ್ರಂಥಪಾಲಕರು ಮೇಲಿನವರಿಗೆ ಬರೆಯುವಾಗ ಅವರ ಕೈಯಲ್ಲಿರುವ ಆಧಾರ ಅದೊಂದೇ. ಎಂಬತ್ತು ಜನ ಬಂದು ಮೂವತ್ತು ಜನ ಸಹಿ ಮಾಡಿದರೆ, ಸರ್ಕಾರದ ಲೆಕ್ಕದಲ್ಲಿ ಬಂದವರು ಮೂವತ್ತೇ.

ಚೀಲವನ್ನು ಬಾಗಿಲ ಬಳಿ ಇಡಬೇಕಾಗುತ್ತದೆ. ನೋಟ್‌ಬುಕ್ಕು, ಪೆನ್ನು, ಫೋನು, ನೀರಿನ ಬಾಟಲಿ ಒಯ್ಯಬಹುದು. ನಿಮ್ಮದೇ ಪುಸ್ತಕ ತಂದಿದ್ದರೆ ಒಳಗೆ ಹೋಗುವಾಗಲೇ ತೋರಿಸಿ, ಹೊರಡುವಾಗ ತಕರಾರಿರುವುದಿಲ್ಲ.

ಪತ್ರಿಕೆಯ ಮೇಜಿಗೆ ಅದರದೇ ಆದ ಮರ್ಯಾದೆಗಳಿವೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನಿವೃತ್ತರು ಬಂದಿರುತ್ತಾರೆ, ಅವರಿಗೆ ಅದು ಪತ್ರಿಕೆ ಓದುವ ಜಾಗವೂ ಹೌದು, ನಾಲ್ಕು ಮುಖ ನೋಡುವ ಜಾಗವೂ ಹೌದು. ಒಮ್ಮೆಗೆ ಒಂದೇ ಪತ್ರಿಕೆ ಹಿಡಿಯಬೇಕು, ಪುರವಣಿಯನ್ನು ಬಿಡಿಸಿ ಬೇರೆ ಕಡೆ ಒಯ್ಯಬಾರದು, ಉದ್ಯೋಗದ ಜಾಹೀರಾತನ್ನು ಹರಿದುಕೊಳ್ಳಬಾರದು. ಫೋನಿನಲ್ಲಿ ಫೋಟೊ ತೆಗೆಯಲು ಯಾರೂ ಬೇಡ ಎನ್ನುವುದಿಲ್ಲ. ಇಂದಿನ ಪತ್ರಿಕೆ ಮಾತ್ರ ಇರುತ್ತದೆ ಎಂದು ತಿಳಿಯಬೇಡಿ. ಹಿಂದಿನ ಸಂಚಿಕೆಗಳನ್ನು ಕೆಲಕಾಲ ಕಟ್ಟಿಡುತ್ತಾರೆ. ಹೋದ ವಾರದ ‘ಸುಧಾ’, ‘ತರಂಗ’, ಹೋದ ತಿಂಗಳ ‘ಮಯೂರ’ ಬೇಕಿದ್ದರೆ ಕೇಳಿ.

ಕಾರ್ಡು, ಠೇವಣಿ, ಜಾಮೀನು

ಕೂತು ಓದಲು ಸದಸ್ಯತ್ವ ಬೇಡ. ಯಾರು ಬೇಕಾದರೂ ಬಂದು ಎಷ್ಟು ಹೊತ್ತು ಬೇಕಾದರೂ ಓದಬಹುದು. ಮನೆಗೆ ಪುಸ್ತಕ ಒಯ್ಯಲು ಮಾತ್ರ ಸದಸ್ಯರಾಗಬೇಕು. ಇಲ್ಲಿಯೇ ಹೆಚ್ಚು ಜನ ಹಿಂದೆ ಸರಿಯುವುದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೌಂಟರಿನಲ್ಲಿ ಅರ್ಜಿ ನಮೂನೆ ಕೊಡುತ್ತಾರೆ. ಅದಕ್ಕೆ ಫೋಟೊ, ಆಧಾರ್ ಅಥವಾ ವಿಳಾಸವಿರುವ ಬೇರೆ ಗುರುತಿನ ಚೀಟಿಯ ನಕಲು ಲಗತ್ತಿಸಬೇಕು. ಹಲವೆಡೆ ಜಾಮೀನುದಾರರ ಸಹಿಯನ್ನೂ ಕೇಳುತ್ತಾರೆ. ಅದು ಸರ್ಕಾರಿ ಅಧಿಕಾರಿಯದ್ದೋ, ಆ ಊರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರದ್ದೋ ಆಗಿರಬೇಕು. ಇದನ್ನು ನೋಡಿ ಗಾಬರಿ ಬೀಳುವವರುಂಟು. ಜಾಮೀನಿನ ಅರ್ಥ ಇಷ್ಟೇ: ನೀವು ಪುಸ್ತಕ ಹಿಂತಿರುಗಿಸದೆ ಊರು ಬಿಟ್ಟರೆ ಅದರ ಬೆಲೆಗೆ ಯಾರಾದರೊಬ್ಬರು ಹೊಣೆಯಿರಲಿ ಎಂದು. ಹೊಸದಾಗಿ ಊರಿಗೆ ಬಂದವರಿಗೆ, ಹಾಸ್ಟೆಲಿನ ಹುಡುಗರಿಗೆ, ಕೂಲಿಗೆ ಬಂದ ಕುಟುಂಬಗಳಿಗೆ ಇದು ನಿಜವಾದ ಅಡ್ಡಿ. ವಿಳಾಸದ ದಾಖಲೆಯೂ ಠೇವಣಿಯೂ ಇರುವಾಗ ಜಾಮೀನಿನ ಸಹಿ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ನಿಯಮ ಇರುವ ಕಡೆ ಮನೆಯ ಮಾಲೀಕರ ಸಹಿಯಿಂದ ಕೆಲಸ ಆಗುತ್ತದೆ, ಅವರು ತೆರಿಗೆ ಕಟ್ಟುವವರೇ ತಾನೆ.

ಠೇವಣಿ ಶುಲ್ಕವಲ್ಲ. ಸದಸ್ಯತ್ವ ಬೇಡವೆಂದಾಗ ಪುಸ್ತಕಗಳನ್ನೂ ಕಾರ್ಡುಗಳನ್ನೂ ಒಪ್ಪಿಸಿ, ರಸೀದಿ ತೋರಿಸಿ ಹಣ ವಾಪಸ್ ಪಡೆಯಬಹುದು. ಮೊತ್ತ ದೊಡ್ಡದಲ್ಲ, ಒಂದು ಹೊಸ ಕಾದಂಬರಿಯ ಬೆಲೆಯ ಆಸುಪಾಸು ಎಂದುಕೊಳ್ಳಿ. ಎಷ್ಟು ಪುಸ್ತಕ ಒಮ್ಮೆಗೆ ಒಯ್ಯಬಹುದು ಎಂಬುದು ಠೇವಣಿಯ ಮೇಲೆ ನಿಂತಿರುತ್ತದೆ. ರಸೀದಿಯನ್ನು ಮಾತ್ರ ಕಳೆಯಬೇಡಿ. ಹತ್ತು ವರ್ಷ ಬಿಟ್ಟು ಹೋದರೂ ಅದು ನಿಮ್ಮ ಹಣ.

ಇನ್ನು ಕೌಂಟರಿನಲ್ಲಿ ನಡೆಯುವುದೇನು? ಕಂಪ್ಯೂಟರ್ ಬಂದ ಕಡೆ ಪುಸ್ತಕದ ಬಾರ್‌ಕೋಡ್ ಓದಿಸಿ ನಿಮ್ಮ ಹೆಸರಿಗೆ ಏರಿಸುತ್ತಾರೆ. ಕೇಂದ್ರ ಸರ್ಕಾರದ ಎನ್‌ಐಸಿ ತಯಾರಿಸಿದ ‘ಇ-ಗ್ರಂಥಾಲಯ’, ಉಚಿತವಾಗಿ ಸಿಗುವ ‘ಕೋಹಾ’ ಮುಂತಾದ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ. ಕಂಪ್ಯೂಟರ್ ಇಲ್ಲದ ಶಾಖೆಗಳಲ್ಲಿ ಹಳೆಯ ಚೀಟಿ ಪದ್ಧತಿ ಇನ್ನೂ ಉಂಟು, ಅದರ ಜಾಣತನ ನೋಡುವಂಥದ್ದು. ಪ್ರತಿ ಪುಸ್ತಕದ ಒಳರಕ್ಷಾಪುಟದಲ್ಲಿ ಅಂಟಿಸಿದ ಕಾಗದದ ಜೇಬಿನೊಳಗೆ ಪುಸ್ತಕದ ಹೆಸರು, ಸಂಖ್ಯೆ ಬರೆದ ಚಿಕ್ಕ ಚೀಟಿ ಇರುತ್ತದೆ. ನಿಮ್ಮ ಸದಸ್ಯತ್ವದ ಕಾರ್ಡು ಕೂಡ ಒಂದು ಜೇಬೇ. ಪುಸ್ತಕ ಒಯ್ಯುವಾಗ ಆ ಚೀಟಿಯನ್ನು ತೆಗೆದು ನಿಮ್ಮ ಕಾರ್ಡಿನ ಜೇಬಿಗೆ ಸೇರಿಸಿ, ಹಿಂತಿರುಗಿಸಬೇಕಾದ ತಾರೀಖಿನ ಹಿಂದೆ ಮರದ ಟ್ರೇಯಲ್ಲಿ ಜೋಡಿಸುತ್ತಾರೆ. ಪುಸ್ತಕದಲ್ಲಿ ಅಂಟಿಸಿದ ದಿನಾಂಕದ ಹಾಳೆಗೆ ಮೊಹರು ಬೀಳುತ್ತದೆ. ಎಲ್ಲಿಯೂ ಹೆಸರು ಬರೆಯುವ ಕೆಲಸವಿಲ್ಲ. ಯಾವ ಪುಸ್ತಕ ಯಾರ ಬಳಿ ಇದೆ, ಇಂದು ಯಾವುದು ಬರಬೇಕಿತ್ತು ಎಂಬುದು ಟ್ರೇ ನೋಡಿದರೆ ತಿಳಿಯುತ್ತದೆ. ಪುಸ್ತಕ ಮರಳಿದಾಗ ಚೀಟಿ ಅದರ ಜೇಬಿಗೆ, ಕಾರ್ಡು ನಿಮ್ಮ ಕೈಗೆ. ಹಿಂತಿರುಗಿಸುವಾಗ ಕಾರ್ಡು ಕೇಳಿ ಪಡೆಯದೆ ಬಂದರೆ ಪುಸ್ತಕ ನಿಮ್ಮ ಹೆಸರಲ್ಲೇ ಉಳಿದಿರಬಹುದು, ಕೌಂಟರಿನಲ್ಲಿ ಒಂದು ನಿಮಿಷ ನಿಲ್ಲಿ.

ಆ ದಿನಾಂಕದ ಹಾಳೆಯನ್ನು ಓದುವುದೂ ಒಂದು ಸುಖ. ಒಂದು ಪುಸ್ತಕ ಎಂಬತ್ತರ ದಶಕದಲ್ಲಿ ತಿಂಗಳಿಗೆರಡು ಸಲ ಹೊರಗೆ ಹೋಗಿ, ಆಮೇಲೆ ಹದಿನೈದು ವರ್ಷ ಕಪಾಟಿನಲ್ಲೇ ಇದ್ದದ್ದು ಆ ಮೊಹರುಗಳಲ್ಲಿ ಕಾಣುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಇದು ಓದುಗರ ಕಣ್ಣಿಗೆ ಬೀಳುವುದಿಲ್ಲ.

ಎರವಲಿನ ಅವಧಿ ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಬೇರೆ ಯಾರೂ ಕೇಳಿರದಿದ್ದರೆ ಅವಧಿ ಮುಂದುವರಿಸಿ ಕೊಡುತ್ತಾರೆ. ತಡವಾದರೆ ದಿನಕ್ಕಿಷ್ಟೆಂದು ಪೈಸೆ ಲೆಕ್ಕದ ದಂಡ. ಈ ದಂಡಕ್ಕೆ ಹೆದರಿ ಪುಸ್ತಕವನ್ನು ಮನೆಯಲ್ಲೇ ಉಳಿಸಿಕೊಂಡು, ಗ್ರಂಥಾಲಯದ ದಾರಿಯನ್ನೇ ಬಿಟ್ಟವರು ಎಷ್ಟು ಊರುಗಳಲ್ಲಿ ಎಷ್ಟು ಜನರೋ. ಎಷ್ಟೇ ತಡವಾಗಿರಲಿ, ತಂದುಕೊಡಿ. ಪುಸ್ತಕ ಮರಳಿ ಬಂದದ್ದೇ ಸಾಕೆಂದು ಸಂತೋಷಪಡುವ ಸಿಬ್ಬಂದಿಯೇ ಹೆಚ್ಚು. ಕಳೆದುಹೋಗಿದ್ದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಡಬಹುದೇ ಎಂದು ಮೊದಲು ಕೇಳಿ. ಗ್ರಂಥಾಲಯಕ್ಕೂ ಹಣಕ್ಕಿಂತ ಪುಸ್ತಕವೇ ಉಪಯೋಗ.

ಬೆನ್ನಿನ ಮೇಲಿನ ಅಂಕಿಗಳು

ಪುಸ್ತಕದ ಬೆನ್ನಿನಲ್ಲಿ ಬಿಳಿ ಚೀಟಿಯ ಮೇಲೆ ಬರೆದ ಅಂಕಿಗಳನ್ನು ಎಲ್ಲರೂ ನೋಡಿದ್ದೇವೆ. ಅದು ಆ ಪುಸ್ತಕದ ವಿಳಾಸ. ಹಲವು ಗ್ರಂಥಾಲಯಗಳು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು ಅನುಸರಿಸುತ್ತವೆ. ಇಡೀ ಜ್ಞಾನವನ್ನು ಹತ್ತು ಭಾಗ ಮಾಡಿ ನೂರು ನೂರರ ಅಂಕಿ ಕೊಟ್ಟದ್ದೇ ಅದರ ಅಡಿಪಾಯ. 100 ತತ್ತ್ವಶಾಸ್ತ್ರ, 200 ಧರ್ಮ, 300 ಸಮಾಜ, 500 ವಿಜ್ಞಾನ, 600 ತಂತ್ರಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಒಂದೊಂದು ಅಂಕಿ ಸೇರಿದಂತೆ ವಿಷಯ ಕಿರಿದಾಗುತ್ತ ಹೋಗುತ್ತದೆ. 630 ಎಂದರೆ ಕೃಷಿ, 634 ಎಂದರೆ ಹಣ್ಣು ಮತ್ತು ತೋಟದ ಬೆಳೆ. ಅಡುಗೆಯ ಪುಸ್ತಕಗಳು 641.5ರಲ್ಲಿ. ಕರ್ನಾಟಕದ ಇತಿಹಾಸ 954.87.

ಕನ್ನಡ ಸಾಹಿತ್ಯದ ಅಂಕಿ 894.814. ಇದರ ಮುಂದೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕತೆ ಕಾದಂಬರಿ. ಅಂದರೆ 894.8143 ಎಂಬ ಚೀಟಿಯಿರುವ ಕಪಾಟಿನ ಮುಂದೆ ನಿಂತರೆ ಕಾರಂತರೂ ತ್ರಿವೇಣಿಯವರೂ ತೇಜಸ್ವಿಯವರೂ ಅಲ್ಲೇ ಸಿಗುತ್ತಾರೆ. ಅಂಕಿಯ ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳಿರುತ್ತವೆ, ಅದರ ಪ್ರಕಾರ ಅಕಾರಾದಿಯಾಗಿ ಹುಡುಕುತ್ತ ಹೋಗಬಹುದು. ಡ್ಯೂಯಿ ವರ್ಗೀಕರಣ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಮೂರೇ ಅಂಕಿ ಕೊಟ್ಟು, ಸಾವಿರ ವರ್ಷಕ್ಕೂ ಮಿಕ್ಕಿದ ಕನ್ನಡ ಸಾಹಿತ್ಯವನ್ನು ‘ಇತರ ಭಾಷೆಗಳು’ ಎಂಬ ಮೂಲೆಯ ಆರಂಕಿಗೆ ತಳ್ಳಿಬಿಟ್ಟಿದೆ. ಅಮೆರಿಕದ ಕಾಲೇಜೊಂದರ ಗ್ರಂಥಾಲಯಕ್ಕೆಂದು ಹುಟ್ಟಿದ ವ್ಯವಸ್ಥೆ ಅದು. ರಂಗನಾಥನ್ 1933ರಲ್ಲಿ ಕೊಟ್ಟ ಕೋಲನ್ ವರ್ಗೀಕರಣ ಇದಕ್ಕಿಂತ ಹೆಚ್ಚು ಬಾಗುವ, ಭಾರತದ ವಿಷಯಗಳಿಗೆ ಹೆಚ್ಚು ಒಗ್ಗುವ ವ್ಯವಸ್ಥೆ. ಆದರೆ ಅದನ್ನು ಕಲಿಯುವುದು ಕಷ್ಟ, ಅನುಸರಿಸುವ ಗ್ರಂಥಾಲಯಗಳೂ ಕಡಿಮೆಯಾಗಿವೆ. ಚಿಕ್ಕ ಶಾಖೆಗಳಲ್ಲಿ ಅಂಕಿಯ ಗೋಜಿಲ್ಲದೆ ‘ಕಾದಂಬರಿ’, ‘ಮಕ್ಕಳ ಪುಸ್ತಕ’, ‘ಆರೋಗ್ಯ’ ಎಂದು ಕಪಾಟಿಗೆ ಹೆಸರು ಬರೆದಿರುತ್ತಾರೆ, ಅಷ್ಟು ಪುಸ್ತಕಗಳಿಗೆ ಅದೇ ಸಾಕು.

ಬೇಕಾದ ಪುಸ್ತಕದ ಎಡಬಲಕ್ಕೂ ಕಣ್ಣಾಡಿಸಿ. ಈ ವರ್ಗೀಕರಣದ ನಿಜವಾದ ಲಾಭ ಅಲ್ಲಿದೆ. ಜೇನು ಸಾಕಣೆಯ ಒಂದು ಪುಸ್ತಕ ಹುಡುಕಿ ಹೋದವರಿಗೆ ಪಕ್ಕದಲ್ಲೇ ರೇಷ್ಮೆಯದ್ದೂ ಸಿಗುತ್ತದೆ. ಅಂತರ್ಜಾಲದಲ್ಲಿ ಕೇಳಿದ್ದು ಸಿಗುತ್ತದೆ, ಕಪಾಟಿನಲ್ಲಿ ಕೇಳಲು ಗೊತ್ತಿಲ್ಲದ್ದೂ ಸಿಗುತ್ತದೆ.

ನೋಡಿದ ಪುಸ್ತಕವನ್ನು ಮರಳಿ ಕಪಾಟಿಗೆ ಸಿಕ್ಕಿಸಬೇಡಿ, ಮೇಜಿನ ಮೇಲೇ ಬಿಡಿ. ಇದು ಅಶಿಸ್ತಿನಂತೆ ಕಂಡರೂ ಗ್ರಂಥಾಲಯಗಳು ಬಯಸುವುದು ಇದನ್ನೇ. ಎರಡು ಸಾಲು ಆಚೆ ತಪ್ಪಿ ಸೇರಿದ ಪುಸ್ತಕ ಮುಂದಿನ ತಪಾಸಣೆಯವರೆಗೆ ಕಳೆದುಹೋದಂತೆಯೇ ಸರಿ.

ಕೆಲವು ಕಡೆ ಗಾಜಿನ ಬೀರುಗಳಿಗೆ ಬೀಗ ಹಾಕಿರುವುದನ್ನು ಕಂಡು ಓದುಗರು ಸಿಟ್ಟಾಗುತ್ತಾರೆ. ಆ ಬೀಗದ ಹಿಂದೆ ಒಂದು ಭಯವಿದೆ. ವರ್ಷದ ಲೆಕ್ಕ ತಪಾಸಣೆಯಲ್ಲಿ ಪುಸ್ತಕ ಕಡಿಮೆ ಬಂದರೆ ಸಿಬ್ಬಂದಿ ಉತ್ತರ ಕೊಡಬೇಕು, ಕೆಲವೊಮ್ಮೆ ಕೈಯಿಂದ ಕಟ್ಟಬೇಕಾಗಬಹುದೆಂಬ ಅಂಜಿಕೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ವಿವೇಕದಿಂದ ನಡೆದುಕೊಂಡಿವೆ. ವರ್ಷದಲ್ಲಿ ಸಾವಿರ ಪುಸ್ತಕ ಎರವಲು ಹೋಗಿದ್ದರೆ ಅಥವಾ ಪರಾಮರ್ಶನಕ್ಕೆ ಬಳಕೆಯಾಗಿದ್ದರೆ ಅದರಲ್ಲಿ ಐದು ಕಳೆಯುವುದು ಸಹಜ ಎಂದು ಅವು ಒಪ್ಪುತ್ತವೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. ಈ ತಿಳಿವಳಿಕೆ ಪ್ರತಿ ಶಾಖೆಗೂ ಇಳಿದರೆ ಎಷ್ಟೋ ಬೀಗಗಳು ತೆರೆದಾವು. ಅಲ್ಲಿಯವರೆಗೆ, “ಸರ್, ಈ ಬೀರು ಸ್ವಲ್ಪ ತೆಗೀತೀರಾ?” ಎಂದು ಕೇಳಲು ಹಿಂಜರಿಯಬೇಡಿ. ಬಹಳ ದಿನಗಳಿಂದ ಯಾರೂ ಕೇಳಿರದೆ ಬೀಗದ ಕೈ ಹುಡುಕಬೇಕಾದೀತು, ಆದರೆ ಕೇಳಿದರೆ ತೆಗೆಯುತ್ತಾರೆ.

ಪುಸ್ತಕ ಬರುವುದು ಎಲ್ಲಿಂದ

ನಿಮಗೆ ಬೇಕಾದ ಹೊಸ ಪುಸ್ತಕ ಇಲ್ಲ, ಹೆಸರೇ ಕೇಳಿರದ ಪುಸ್ತಕಗಳು ಸಾಲುಸಾಲಾಗಿವೆ. ಗ್ರಂಥಾಲಯಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಹೇಳುವ ಮಾತಿದು. ಕಾರಣ ಖರೀದಿಯ ವಿಧಾನದಲ್ಲಿದೆ. ಇಲಾಖೆ ವರ್ಷದ ಪುಸ್ತಕಗಳನ್ನು ಪ್ರಕಾಶಕರಿಂದ, ಲೇಖಕರಿಂದ ಆಹ್ವಾನಿಸುತ್ತದೆ. ಆಯ್ಕೆ ಸಮಿತಿ ಅವನ್ನು ನೋಡಿ ಪಟ್ಟಿ ಮಾಡುತ್ತದೆ. ಪುಟದ ಲೆಕ್ಕದಲ್ಲಿ ಬೆಲೆ ನಿಗದಿಯಾಗಿ, ಒಂದೇ ಪುಸ್ತಕದ ನೂರಾರು ಪ್ರತಿಗಳು ಸಗಟಾಗಿ ಖರೀದಿಯಾಗಿ ರಾಜ್ಯದ ಗ್ರಂಥಾಲಯಗಳಿಗೆ ಹಂಚಿಕೆಯಾಗುತ್ತವೆ. ಇಷ್ಟೂ ಆಗುವ ಹೊತ್ತಿಗೆ ಪುಸ್ತಕ ಹಳೆಯದಾಗಿರುತ್ತದೆ. ಸಗಟು ಖರೀದಿ ಇಲ್ಲದಿದ್ದರೆ ಕನ್ನಡದ ಎಷ್ಟೋ ಕವನ ಸಂಕಲನಗಳು, ಸಂಶೋಧನಾ ಕೃತಿಗಳು ಅಚ್ಚಾಗುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಪ್ರಕಾಶಕರನ್ನು ಉಳಿಸುವ ಕೆಲಸವೂ ಓದುಗರಿಗೆ ಬೇಕಾದ್ದನ್ನು ಒದಗಿಸುವ ಕೆಲಸವೂ ಒಂದೇ ಖರೀದಿಯ ಮೇಲೆ ಬಿದ್ದಿವೆ, ಪಾಡು ಪಡುತ್ತಿರುವವರು ಓದುಗರು.

ಇದಲ್ಲದೆ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ 1972ರಿಂದ ಪುಸ್ತಕಗಳ ನೆರವು ಕೊಡುತ್ತಿದೆ. ಪುಸ್ತಕದಲ್ಲಿ ಅದರ ಮೊಹರು ಕಂಡರೆ ಅದು ಆ ದಾರಿಯಿಂದ ಬಂದದ್ದು.

ಸ್ಥಳೀಯವಾಗಿ ಓದುಗರ ಮಾತು ನಡೆಯುವುದಕ್ಕೂ ಅವಕಾಶ ಇದೆ. ಸಲಹಾ ಪುಸ್ತಕ ಕೇಳಿ ಪಡೆದು ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಬೆಲೆ ಇಷ್ಟನ್ನೂ ಸರಿಯಾಗಿ ಬರೆಯಿರಿ. ‘ಒಳ್ಳೆಯ ಪುಸ್ತಕ ತರಿಸಿ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಒಂದೇ ಪುಸ್ತಕವನ್ನು ನಾಲ್ಕು ಜನ ಬೇರೆ ಬೇರೆಯಾಗಿ ಕೇಳಿದ್ದರೆ ಅದನ್ನು ಮೇಲಕ್ಕೆ ಕಳಿಸಲು ಗ್ರಂಥಪಾಲಕರಿಗೂ ಬಲ ಬರುತ್ತದೆ.

ಹಣದ ಮಾತನ್ನೂ ಹೇಳಬೇಕು. ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಗ್ರಂಥಾಲಯ ಸೆಸ್ ಪೂರ್ತಿಯಾಗಿ, ಸಕಾಲಕ್ಕೆ ಗ್ರಂಥಾಲಯಗಳಿಗೆ ತಲುಪುತ್ತಿಲ್ಲ ಎಂಬುದು ವರ್ಷಗಳಿಂದ ವರದಿಯಾಗುತ್ತಲೇ ಇರುವ ಸಂಗತಿ. ಜನ ಒಂದು ಉದ್ದೇಶಕ್ಕೆಂದು ಕಟ್ಟಿದ ಹಣ ಅದೇ ಉದ್ದೇಶಕ್ಕೆ ಹೋಗಬೇಕು. ನಿಮ್ಮ ನಗರಸಭೆ ಕಳೆದ ವರ್ಷ ಎಷ್ಟು ಸಂಗ್ರಹಿಸಿತು, ಎಷ್ಟು ವರ್ಗಾಯಿಸಿತು ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು, ಅರ್ಜಿಗೆ ಹತ್ತು ರೂಪಾಯಿ ಶುಲ್ಕ.

ಕುರ್ಚಿಗಾಗಿ ಕಾಯುವವರು

ಈಗಿನ ಗ್ರಂಥಾಲಯಗಳಲ್ಲಿ ಹೆಚ್ಚು ಹೊತ್ತು ಕೂರುವವರು ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಟಿಇಟಿ. ಬಾಗಿಲು ತೆರೆಯುವ ಮುಂಚೆಯೇ ಬಂದು ಸಾಲು ನಿಲ್ಲುತ್ತಾರೆ, ಬುತ್ತಿ ತಂದಿರುತ್ತಾರೆ, ದೀಪ ಆರಿಸುವವರೆಗೆ ಏಳುವುದಿಲ್ಲ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಕೇಂದ್ರಗಳ ಸುತ್ತ ತಿಂಗಳ ಬಾಡಿಗೆಯ ಖಾಸಗಿ ಓದುವ ಕೊಠಡಿಗಳೇ ಹುಟ್ಟಿಕೊಂಡಿವೆ. ಆ ಬಾಡಿಗೆ ಕೊಡಲಾಗದವರು ಸಾರ್ವಜನಿಕ ಗ್ರಂಥಾಲಯಕ್ಕೆ ಬರುತ್ತಾರೆ.

ಇವರ ಮೇಲೆ ಹಳೆಯ ಓದುಗರಿಗೆ ಅಸಮಾಧಾನವಿದೆ: ಪುಸ್ತಕ ತಮ್ಮದೇ ತರುತ್ತಾರೆ, ಗ್ರಂಥಾಲಯದ ಪುಸ್ತಕ ಮುಟ್ಟುವುದಿಲ್ಲ, ಕುರ್ಚಿ ಬಿಡುವುದಿಲ್ಲ ಎಂದು. ನನಗಂತೂ ಈ ದೂರು ಸರಿ ಕಾಣುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಐದು ಜನರ ನಡುವೆ ಓದಬೇಕಾದ ಹುಡುಗಿಗೆ ಒಂದು ಮೇಜು, ಬೆಳಕು, ನಿಶ್ಶಬ್ದ ಕೊಡುವುದೂ ಗ್ರಂಥಾಲಯದ ಕೆಲಸವೇ. ಆಗಬೇಕಾದದ್ದು ಅವರಿಗೆ ಬೇರೆ ಓದುವ ಕೋಣೆ, ಹೆಚ್ಚಿನ ಸಮಯ, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ. ಅಭ್ಯರ್ಥಿಗಳಿಗೂ ಒಂದು ಮಾತು. ಊಟಕ್ಕೆ ಹೋಗುವಾಗ ಕುರ್ಚಿಯ ಮೇಲೆ ಪುಸ್ತಕ ಇಟ್ಟು ಎರಡು ಗಂಟೆ ಹಿಡಿದಿಡುವುದು ಬೇಡ. ಮತ್ತು ಪರಾಮರ್ಶನ ವಿಭಾಗಕ್ಕೆ ಒಮ್ಮೆ ಹೋಗಿ. ವಿಶ್ವಕೋಶ, ನಿಘಂಟು, ಜಿಲ್ಲಾ ಗ್ಯಾಸೆಟಿಯರ್ ಅಲ್ಲಿರುತ್ತವೆ. ಅವನ್ನು ಮನೆಗೆ ಕೊಡುವುದಿಲ್ಲವಾದ್ದರಿಂದ ಯಾವಾಗ ಹೋದರೂ ಸಿಗುತ್ತವೆ. ನಿಮ್ಮ ಜಿಲ್ಲೆಯ ಬಗ್ಗೆ ಗೈಡುಗಳಲ್ಲಿ ಎರಡು ಸಾಲಿದ್ದರೆ ಗ್ಯಾಸೆಟಿಯರಿನಲ್ಲಿ ಇಡೀ ಅಧ್ಯಾಯವಿರುತ್ತದೆ.

ಪರಾಮರ್ಶನಕ್ಕೆ ರಾಜ್ಯದಲ್ಲಿ ದೊಡ್ಡ ಜಾಗ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ 1915ರಲ್ಲಿ ಕಟ್ಟಿದ ಭವನವದು. ರಾಜ್ಯದಲ್ಲಿ ಮುದ್ರಣವಾದ ಪುಸ್ತಕಗಳ ಪ್ರತಿಗಳು ಅಲ್ಲಿಗೆ ಸಲ್ಲಬೇಕೆಂಬ ವ್ಯವಸ್ಥೆ ಇರುವುದರಿಂದ, ಅಂಗಡಿಗಳಲ್ಲಿ ಎಂದೋ ಮರೆಯಾದ ಕನ್ನಡ ಪುಸ್ತಕ ಅಲ್ಲಿರುವ ಸಾಧ್ಯತೆ ಹೆಚ್ಚು. ಹೆಸರು, ಲೇಖಕರು, ಅಂದಾಜು ಪ್ರಕಟಣೆಯ ವರ್ಷ ಬರೆದುಕೊಂಡು ಹೋದರೆ ಹುಡುಕಿ ಕೊಡುವವರಿಗೂ ಸುಲಭ.

ಹಳ್ಳಿಯಲ್ಲಿ, ಫೋನಿನಲ್ಲಿ

ಪಂಚಾಯಿತಿಗಳಿಗೆ ಹೋದ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ‘ಪುಸ್ತಕ ಜೋಳಿಗೆ’ಯ ಮೂಲಕ ಜನರಿಂದ ಪುಸ್ತಕ ಸಂಗ್ರಹಿಸಿದರು. ಎಷ್ಟೋ ಕಡೆ ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರು ಬಂತು, ಮಕ್ಕಳು ನೆಲದ ಮೇಲೆ ಕೂತು ಚಿತ್ರದ ಪುಸ್ತಕ ಓದುವ ಮೂಲೆ ಬಂತು. ಇದು ನಮ್ಮ ಕಾಲದಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಎಲ್ಲ ಹಳ್ಳಿಗಳಲ್ಲೂ ಒಂದೇ ತೆರನಾಗಿಲ್ಲ. ಚೆನ್ನಾಗಿ ನಡೆಯುವ ಕೇಂದ್ರವೊಂದನ್ನು ನೋಡಿದರೆ ಅದರ ಹಿಂದೆ ಹೆಚ್ಚಾಗಿ ಒಬ್ಬ ಆಸಕ್ತ ಮೇಲ್ವಿಚಾರಕರು ಇರುತ್ತಾರೆ. ಅವರೇ ಬಾಗಿಲು ತೆರೆಯುವವರು, ಕಸ ಗುಡಿಸುವವರು, ಮಕ್ಕಳಿಗೆ ಕತೆ ಹೇಳುವವರು.

ನಿಮ್ಮಲ್ಲಿರುವ ಪುಸ್ತಕ ಕೊಡುವ ಮನಸ್ಸಿದ್ದರೆ ಮಕ್ಕಳ ಪುಸ್ತಕ, ಹೊಸ ನಿಘಂಟು, ಈಚಿನ ಪರೀಕ್ಷಾ ಪುಸ್ತಕ ಕೊಡಿ. ಗೆದ್ದಲು ಹಿಡಿದದ್ದು, ಹಳೆಯ ಪಠ್ಯಕ್ರಮದ್ದು ಬೇಡ.

ಗ್ರಂಥಾಲಯಕ್ಕೆ ಹೋಗಲಾಗದವರಿಗೆ ಇಲಾಖೆಯ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ಫೋನಿನಲ್ಲೇ ನೋಂದಾಯಿಸಿಕೊಂಡು ಉಚಿತವಾಗಿ ಓದಬಹುದು. ಶಾಲಾ ಕಾಲೇಜಿನ ಪಠ್ಯ ಮತ್ತು ಪರೀಕ್ಷೆಯ ತಯಾರಿಗೆ ಅದು ಅನುಕೂಲ. ಕಣ್ಣು ಕಾಣದವರಿಗೆ, ಅಚ್ಚು ಓದಲಾಗದವರಿಗೆ 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯ ಇದೆ. ಪುಸ್ತಕಗಳನ್ನು ಕೇಳುವ ರೂ‍ಪದಲ್ಲಿ, ಬ್ರೈಲ್ ರೂಪದಲ್ಲಿ ಅದು ಒದಗಿಸುತ್ತದೆ. ಮನೆಯಲ್ಲಿ ಅಂಥವರಿದ್ದರೆ ಇದನ್ನು ಖಂಡಿತ ತಿಳಿಸಿ, ಗೊತ್ತಿಲ್ಲದವರೇ ಹೆಚ್ಚು.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಆ ವಾರ ಗ್ರಂಥಾಲಯಗಳಲ್ಲಿ ಪುಸ್ತಕ ಪ್ರದರ್ಶನ, ಮಕ್ಕಳ ಸ್ಪರ್ಧೆಗಳು ನಡೆಯುತ್ತವೆ, ಗ್ರಂಥಪಾಲಕರೂ ಜನರನ್ನು ಎದುರು ನೋಡುತ್ತಿರುತ್ತಾರೆ. ಅಲ್ಲಿಯವರೆಗೆ ಕಾಯಲೇಬೇಕೆಂದೇನಿಲ್ಲ. ಒಂದು ಫೋಟೊ, ಆಧಾರ್ ನಕಲು, ಸ್ವಲ್ಪ ಹಣ ಹಿಡಿದುಕೊಂಡು ಈ ಭಾನುವಾರವೇ ಹೋಗಿ. ಮನೆಯಲ್ಲಿ ಮಕ್ಕಳಿದ್ದರೆ ಕರೆದೊಯ್ದು ಅವರ ಹೆಸರಲ್ಲೇ ಕಾರ್ಡು ಮಾಡಿಸಿ, ಪುಸ್ತಕ ಅವರೇ ಆರಿಸಿಕೊಳ್ಳಲಿ.